ಮೂರನೆಯ ತಪ್ಪು

ಅತ್ತೆ ಸೌಟಿನಿಂದ ಪಾತ್ರೆಯ ಅಂಚಿಗೆ ಒಂದು ಏಟು ಹಾಕಿದರು.

"ಇದು ಯಾವ ಸ್ವರ?"

"ಚೆಲ್ಲೊದ ಎರಡನೇ ತಂತಿ. ಒಂಚೂರು ಇಳಿದಿದೆ," ಎಂದಳು ಸೊಸೆ, ಸ್ವರಲಿಪಿಯಿಂದ ಕಣ್ಣು ತೆಗೆಯದೆ.

"ಈ ಮುಚ್ಚಳ?"

"ಅದು ಬರೀ ತಗಡು ಅತ್ತೆ, ಅದಕ್ಕೆ ಸ್ವರ ಎಲ್ಲಿಂದ ಬರಬೇಕು?"

"ನನ್ನ ಮದುವೆ ಕಾಲದ ಮುಚ್ಚಳಕ್ಕೆ ಹಾಗಂತೀಯಲ್ಲೇ!"

ಮನೆಯಲ್ಲಿ ಈಗ ಇವರಿಬ್ಬರೇ. ಸೊಸೆ ಊರಿನ ವಾದ್ಯವೃಂದದಲ್ಲಿ ಚೆಲ್ಲೊ ನುಡಿಸುವವಳು. ವೃಂದದ ನಿರ್ದೇಶಕರಾದ ಮೀಸೆ ಮೇಷ್ಟ್ರು ನಿವೃತ್ತರಾಗುವುದರಲ್ಲಿದ್ದರು. ವೃಂದ ನಡೆಸುವ ಅವರ ಕೋಲು ಅವಳ ಕೈಗೆ ಬರುತ್ತದೋ ಇಲ್ಲವೋ ಎಂಬುದು ಆ ಸಂಜೆಯ ಪರೀಕ್ಷೆಯಲ್ಲಿ ಗೊತ್ತಾಗಬೇಕಿತ್ತು.

ಪರೀಕ್ಷೆ ಮೇಷ್ಟ್ರದ್ದೇ ಕಿತಾಪತಿ. ಮೂವರು ವಾದಕರ ಹಾಳೆಗಳಲ್ಲಿ ಗುಟ್ಟಾಗಿ ಒಂದೊಂದು ತಪ್ಪು ಬರೆದಿಡುತ್ತಾರೆ. ಎಲ್ಲ ವಾದ್ಯಗಳ ಸರಿಯಾದ ಸ್ವರಲಿಪಿ ಮುಂದಿಟ್ಟುಕೊಂಡು ವೃಂದ ನಡೆಸುವವರು ಕಿವಿಯಿಂದಲೇ ಮೂರನ್ನೂ ಹಿಡಿಯಬೇಕು. ಹಿಂದಿನ ವಾರ ಟ್ರಂಪೆಟ್ಟಿನವನು ಒಂದನ್ನು ಹಿಡಿದು, ಗಾಬರಿಯಲ್ಲಿ ಇನ್ನೆರಡನ್ನು ನಿರಪರಾಧಿಗಳ ತಲೆಗೆ ಕಟ್ಟಿ ಸೋತಿದ್ದ. ಇವಳೂ ಸೋತರೆ ಹೊರಗಿನವರು ಬರುತ್ತಾರೆ.

ಅವಳು ತಿಂಗಳುಗಟ್ಟಲೆ ತಯಾರಾಗಿದ್ದಳು. ಒಂದು ಸಾಲು ಹಾಡುತ್ತ, ಇನ್ನೊಂದನ್ನು ತೊಡೆಯ ಮೇಲೆ ತಟ್ಟುತ್ತ, ಮತ್ತೊಂದನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳುವ ಅಭ್ಯಾಸ. ಬಸ್ ನಿಲ್ದಾಣದಲ್ಲಿ ಜನ ಇವಳ ಪಕ್ಕದಿಂದ ಮೆಲ್ಲಗೆ ಸರಿಯುತ್ತಿದ್ದರು.

ಸಂಜೆ ಸಭಾಂಗಣದಲ್ಲಿ ಕುರ್ಚಿಗಳು ಕಿರುಗುಟ್ಟಿ ಸುಮ್ಮನಾದವು. ಅವಳು ಕೈ ಎತ್ತಿದಳು, ವೃಂದ ನುಡಿಸತೊಡಗಿತು.

ಸ್ವಲ್ಪದರಲ್ಲೇ ನಿಲ್ಲಿಸಿದಳು. "ಎರಡನೇ ಕ್ಲಾರಿನೆಟ್, ಅರ್ಧ ಸ್ವರ ಏರಿತು." ಆತ ನಗುತ್ತ ತಲೆದೂಗಿದ. ಮುಂದೆ ಹೋದಾಗ ಹಾರ್ನ್ ವಾದ್ಯ ಒಂದು ಎಣಿಕೆ ಮೊದಲೇ ನುಗ್ಗಿತು. ಅದನ್ನೂ ಹಿಡಿದಳು.

ಆಮೇಲೆ ಏನೂ ಇಲ್ಲ. ಕೊನೆ ಮುಟ್ಟಿದರು. ಇನ್ನೊಮ್ಮೆ ನುಡಿಸಿದರು. ಅವಳು ಈರುಳ್ಳಿ ಸುಲಿದ ಹಾಗೆ ಪದರ ಪದರವಾಗಿ ಕೇಳಿದಳು. ಎಲ್ಲ ಸರಿಯಾಗಿಯೇ ಇತ್ತು.

"ಮೂರು ಇಟ್ಟಿದ್ದೀನಮ್ಮ," ಎಂದು ಮೇಷ್ಟ್ರು ಮೀಸೆ ತಿರುವಿದರು.

ಟ್ರಂಪೆಟ್ಟಿನವನು ಬಗ್ಗಿ ಪಿಸುಗುಟ್ಟಿದ. "ಯಾರದ್ದೋ ಹೆಸರು ಹೇಳಿಬಿಡು ಮಾರಾಯ್ತಿ, ತಾಗಿದರೆ ತಾಗಲಿ."

ಒಂದು ಹೆಸರು ಹೇಳುವುದು ಎಷ್ಟು ಸುಲಭ! ಆದರೆ ಕೇಳಿಸದೆ ಇದ್ದದ್ದನ್ನು ಕೇಳಿಸಿತು ಅನ್ನುವುದು ಹೇಗೆ?

"ಕಾಗದದಲ್ಲಿ ಇರಬಹುದು ಸರ್. ನುಡಿಸಿದ್ದರಲ್ಲಿ ಇಲ್ಲ."

"ಹೌದಾ? ಹಾಗಾದರೆ ವಿಯೋಲಾದ ಎರಡನೇ ಪುಟ?" ಮೇಷ್ಟ್ರ ದನಿ ಏರಿತು. "ಕಿವುಡರಿಗೂ ಕೇಳಿಸುವಂಥ ತಪ್ಪು ಅದು!"

"ವಿಯೋಲಾದವರು ಒಬ್ಬರೇ ನುಡಿಸಲಿ."

ವೃಂದಕ್ಕೆಲ್ಲ ಹಿರಿಯರಾದ ವಿಯೋಲಾ ಅಜ್ಜ ಪಿಟೀಲಿಗಿಂತ ತುಸು ದೊಡ್ಡದಾದ ತಮ್ಮ ವಾದ್ಯವನ್ನೆತ್ತಿ ನುಡಿಸಿದರು. ನೀರು ಹರಿದಂತೆ ಹರಿಯಿತು, ಎಲ್ಲೂ ಕಲ್ಲಿಲ್ಲ. ಮೇಷ್ಟ್ರು ಎದ್ದು ಹೋಗಿ ಹಾಳೆಗೆ ಮೂಗು ತಾಗಿಸಿ ನೋಡಿದರು. ತಪ್ಪು ಬರೆದಲ್ಲೇ ಇತ್ತು.

"ಏನಯ್ಯಾ ಇದು?"

ಅಜ್ಜ ಕನ್ನಡಕ ಹಣೆಗೇರಿಸಿದರು. "ಓ, ಇದಾ? ಅಚ್ಚಿನವರು ಎಡವಿದ್ದಾರೆ ಅಂದುಕೊಂಡೆ. ಅಷ್ಟು ಕೆಟ್ಟದಾಗಿ ಯಾರು ಬರೀತಾರೆ? ಕೈ ತಾನೇ ತಿದ್ದಿಕೊಳ್ತು."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರಿಗೆ ಮೊದಲು ಕೋಪ, ಆಮೇಲೆ ತಡೆಯಲಾಗದ ನಗು. ಕಣ್ಣು, ಮೀಸೆ ಒರೆಸಿಕೊಂಡು ಕೋಲನ್ನು ಅವಳ ಕೈಗಿಟ್ಟರು.

ಅವಳು ಮೊದಲು ತಿರುಗಿದ್ದು ಅಜ್ಜನ ಕಡೆಗೇ. "ನಾಳೆಯಿಂದ ಬರೆದದ್ದನ್ನೇ ನುಡಿಸಬೇಕು."

"ತಪ್ಪಿದ್ದರೂ?"

"ತಪ್ಪಿದ್ದರೂ. ಹಿಡಿಯೋ ಕೆಲಸ ನನ್ನದು, ಕಿತ್ಕೋಬೇಡಿ."

ಮನೆಯ ಬಾಗಿಲು ತಟ್ಟುವ ಮೊದಲೇ ಅತ್ತೆ ತೆರೆದರು. ಅವಳು ಬಾಯಿ ತೆರೆದಳು.

"ಹೇಳಬೇಡ, ಗೊತ್ತಾಯ್ತು," ಎಂದರು ಅತ್ತೆ. "ಮೆಟ್ಟಿಲು ಓಡ್ಕೊಂಡು ಹತ್ತಿದೆಯಲ್ಲ. ಎಷ್ಟು ದಿನ ಆಗಿತ್ತೇ ಆ ಸದ್ದು ಕೇಳಿ."