ಸೌತೆ ಸಾಲಿನ ಮೊದಲ ಬೀಜ

ಒಂದೂರಲ್ಲಿ ಒಬ್ಬಳು ಬಸುರಿ ಇದ್ದಳಂತೆ. ಅವಳು ಬಾಯಿ ಮುಕ್ಕಳಿಸಿದಲ್ಲೆಲ್ಲ ಸೌತೆಬಳ್ಳಿ ಹಬ್ಬಿ, ಕಾಯಿಯ ಭಾರಕ್ಕೆ ಬೇಲಿಯೇ ಮಲಗಿಬಿಡುತ್ತಿತ್ತಂತೆ. ಅದಕ್ಕೇ, ಬಸುರಿ ಇರುವ ವರ್ಷ ಪುತ್ತಿಗೆಯ ಈ ಬೈಲಿನಲ್ಲಿ ಬೇರೆ ಯಾರೂ ಮೊದಲ ಬೀಜ ಹಾಕುವುದಿಲ್ಲ.

ವಿಷುವಿನ ದಿನ ಪಾಯಸ ಬಡಿಸುತ್ತ ರಾಜೀವಿ ಈ ಕತೆ ಹೇಳಿ, ಸೊಸೆ ಉಜ್ವಲಾಳ ಕಡೆ ನೋಡಿ ನಕ್ಕಿದ್ದಳು. ನೆರೆಯ ಹೆಂಗಸರಿಗೆ ವಿಷಯ ತಿಳಿದದ್ದು ಹಾಗೆ. "ನಮ್ಮ ಗದ್ದೆಗೂ ಬರಬೇಕು ಆಯ್ತಾ?" ಎಂದು ಎಲ್ಲರೂ ಕೇಳಿದ್ದರು. "ಬರ್ತೇನೆ" ಎಂದು ಉಜ್ವಲಾ ನಾಚುತ್ತಲೇ ಮಾತು ಕೊಟ್ಟಿದ್ದಳು.

ಆಟಿ ತಿಂಗಳ ಮಳೆಯಲ್ಲಿ, ಆರು ತಿಂಗಳು ತುಂಬುವ ಮೊದಲೇ, ಹೊಟ್ಟೆಯ ಮಗು ಹೋಯಿತು.

ಈಗ ಮಳೆಗಾಲದ ಏಣೆಲು ಭತ್ತದ ಕೊಯ್ಲು ಮುಗಿದು, ಗದ್ದೆಗಳಲ್ಲಿ ತರಕಾರಿಗೆ ಸಾಲು ಎಳೆದಾಗಿತ್ತು. ಗುಂಡಿಗಳಿಗೆ ಸುಡುಮಣ್ಣೂ ಬಿದ್ದಿತ್ತು. ಬೀಜ ಮಾತ್ರ ಯಾರೂ ಹಾಕಿರಲಿಲ್ಲ. ಈ ಮನೆಯ ಮೆಟ್ಟಿಲು ಹತ್ತಿ ಕೇಳಲೂ ಇಲ್ಲ. ದಾರಿಯಲ್ಲಿ ಉಜ್ವಲಾ ಎದುರಾದರೆ ಸೆಕೆಯ ಮಾತಾಡಿ ಜಾರಿಕೊಳ್ಳುತ್ತಿದ್ದರು.

ಕೊನೆಗೆ ಬಂದವಳು ಆಚೆ ಮನೆಯ ಮುದುಕಿ ಕಿನ್ನಿ. ಒಳಗೆ ಗೆರಸೆಯಲ್ಲಿ ಅಕ್ಕಿ ಕೇರುತ್ತಿದ್ದ ಉಜ್ವಲಾಳಿಗೆ ಜಗಲಿಯ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ನೆನೆಹಾಕಿದ ಬೀಜಕ್ಕೆ ಮೂಗು ಬಂತು ಮಾರಾಯ್ತಿ. ಇನ್ನೂ ಇಟ್ಟರೆ ಬಟ್ಟೆಯ ಗಂಟಿನಲ್ಲೇ ಕಾಯಿ ಬಿಟ್ಟೀತು. ಎಲ್ಲಿ ನಿನ್ನ ಸೊಸೆ?"

"ಅವಳ ಕೈಯಿಂದ ಬೇಡ ಕಿನ್ನಿಯಕ್ಕ" ಎಂದಳು ರಾಜೀವಿ.

ಉಜ್ವಲಾಳ ಕೈಯಲ್ಲಿ ಗೆರಸೆ ನಿಂತಿತು. ಆಟಿಯಿಂದ ಈಚೆಗೆ ಅತ್ತೆ ಅವಳಿಗೆ ಬಸಳೆ ಕುಡಿ ಚಿವುಟಲೂ ಬಿಟ್ಟಿರಲಿಲ್ಲ. ಇದಕ್ಕೋ, ನನ್ನ ಕೈ ಆಗದೆಂದೋ, ಅಂದುಕೊಂಡಳು.

"ಎಂತಕ್ಕೆ? ಕೈಗೆ ಎಂತ ಆಗಿದೆ? ಇಂಥ ಮಾತು ನಿನ್ನ ಬಾಯಿಂದಲಾ?"

"ಹಾಗಲ್ಲಕ್ಕ." ರಾಜೀವಿಯ ಸ್ವರ ತಗ್ಗಿತು. "ಒಂದು ಬಳ್ಳಿ ಸೊರಗಿದರೆ ಸಾಕು, ಊರಿನ ಬಾಯಿ ನಿಮಗೆ ಗೊತ್ತುಂಟಲ್ಲ. ರೋಗ ಬಳ್ಳಿಯದ್ದು, ಹೆಸರು ಈ ಹುಡುಗಿಯದ್ದು. ಹೋದ ಒಂದನ್ನೇ ಹೊತ್ತುಕೊಳ್ಳಲಿಕ್ಕೆ ಆಗುದಿಲ್ಲ ಅದಕ್ಕೆ. ಇನ್ನೊಂದು ಹೊರಿಸಲಿಕ್ಕೆ ನಾನು ಬಿಡುದಿಲ್ಲ."



"ಹೋದ ವರ್ಷ ನಾನು ಹಾಕಿದ್ದು ಇಡೀ ಕಾಯಿಗೆ ನೊಣ ಕುತ್ತಿ ಕೊಳೆತು ಹೋಯ್ತು" ಎಂದಳು ಕಿನ್ನಿ. "ನನ್ನ ಹೆಸರು ಯಾರಾದರೂ ಎತ್ತಿದರಾ? ಮುದುಕಿಯ ಹೆಸರಿಗೆ ಅಷ್ಟೂ ಬೆಲೆ ಇಲ್ಲ!"

ಉಜ್ವಲಾ ಶಾಲನ್ನು ಸೊಂಟಕ್ಕೆ ಬಿಗಿದು ಹೊರಗೆ ಬಂದಳು. "ಬೀಜ ಎಲ್ಲುಂಟು ಕಿನ್ನಿಯಕ್ಕ?"

"ಬಿಸಿಲುಂಟು ಮಗಾ" ಎಂದು ರಾಜೀವಿ ಎದ್ದಳು. "ನಾಳೆ ನೋಡುವ."

"ಬರ್ತೇನೆ ಹೇಳಿದ್ದೆ ಅತ್ತೆ."

ಅವಳು ಕಿನ್ನಿಯ ಗದ್ದೆಯಲ್ಲಿ ಕುಕ್ಕರಗಾಲಲ್ಲಿ ಕೂತದ್ದು ಕಂಡು, ಹೆಂಗಸರು ಒಬ್ಬೊಬ್ಬರೇ ತಮ್ಮ ತಮ್ಮ ಬೀಜದ ಗಂಟು ಹಿಡಿದು ಬದುವಿನ ಮೇಲೆ ಬಂದು ನಿಂತರು.

"ಗುಂಡಿಗೆ ಮೂರು ಹಾಕು" ಎಂದಳು ಕಿನ್ನಿ. "ಒಂದು ಇರುವೆಗೆ, ಒಂದು ಹಕ್ಕಿಗೆ, ಒಂದು ನಮಗೆ."

"ಮೂರರಲ್ಲಿ ಒಂದು ಉಳಿದೇ ಉಳೀತದಾ?"

ಕಿನ್ನಿ ಬಗ್ಗಿ, ಸಾಲಿನಲ್ಲಿ ಇಲ್ಲದ ಕಲ್ಲೊಂದನ್ನು ಹೆಕ್ಕತೊಡಗಿದಳು. ಉಜ್ವಲಾ ಮೂರು ಬೀಜ ಇಟ್ಟು ಮಣ್ಣು ಎಳೆದಳು.

ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟಿ, ತಮ್ಮ ಗದ್ದೆಗೆ ಬರುವಾಗ ಬಿಸಿಲು ತೆಂಗಿನ ತಲೆಗೆ ಏರಿತ್ತು. ಬೆನ್ನು ಸೆಟೆದಿತ್ತು. ಕೊನೆಯ ಗುಂಡಿಯಲ್ಲಿ ಬೀಜದ ಮೂಗು ಕೆಳಗಾಗುವಂತೆ ಒಂದೊಂದನ್ನೇ ಮಲಗಿಸಿ, ಮುಚ್ಚಿದಳು. ಅಂಗೈ ಅಲ್ಲಿಂದ ಏಳಲಿಲ್ಲ.

ಹಿಂದಿನಿಂದ ರಾಜೀವಿ ಕೊಡಪಾನ ಹೊತ್ತು ಬಂದಳು. ನೀರು ರಭಸದಿಂದ ಬಿದ್ದು ಬೀಜ ಮೇಲೆದ್ದು ಬಾರದಿರಲೆಂದು, ಕೊಡವನ್ನು ಬಗಲಿಗೆ ಒತ್ತಿ, ಇನ್ನೊಂದು ಕೈಯನ್ನು ಧಾರೆಗೆ ಅಡ್ಡ ಹಿಡಿದು ಬಗ್ಗಿಸಿದಳು. ಅತ್ತೆಯ ಬೆರಳ ಸಂದಿನಿಂದ ಇಳಿದ ನೀರು ಸೊಸೆಯ ಮಣ್ಣುಗೈಯ ಮೇಲೆ ಬಿದ್ದು, ಅಲ್ಲಿಂದ ಗುಂಡಿಗೆ ಮೆಲ್ಲಗೆ ಇಂಗಿತು. ಕೊಡ ಬರಿದಾಯಿತು. ಇಬ್ಬರೂ ಕೈ ತೆಗೆಯಲಿಲ್ಲ.