ನಮ್ಮತ್ತೆ ಕಾಪಿ ಹೊಡೆದದ್ದು

ನಮ್ಮತ್ತೆ ಮಲ್ಲಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಐವತ್ತೆಂಟನೆಯ ವಯಸ್ಸಿನಲ್ಲಿ, ಚಿತ್ರದುರ್ಗದ ಮಕ್ಕಳ ಆಸ್ಪತ್ರೆಯೊಂದರಲ್ಲಿ, ಡಾಕ್ಟರ ಎದುರಿಗೇ ಕೂತು ಕಾಪಿ ಹೊಡೆದರು. ಯಾರ ಕೈಗೂ ಸಿಕ್ಕಿಬೀಳಲಿಲ್ಲ. ಅವರ ಪುಣ್ಯದಿಂದ ಪಾಸಾದವಳು ನನ್ನ ಮಗಳು ಅಂಜಲಿ, ಮೂರೂವರೆ ವರ್ಷದವಳು.

ಅಂಜಲಿಗೆ ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಏನಾದರೂ ಬೇಕಾದರೆ ಯಾರನ್ನೂ ಕರೆಯುತ್ತಿರಲಿಲ್ಲ, ಸಿಗದಿದ್ದರೆ ನೆಲಕ್ಕೆ ಬಿದ್ದು ಅಳುತ್ತಿದ್ದಳು. ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುವಳು. ಒಂದು ಅಲುಗಿದರೂ ಮತ್ತೆ ಮೊದಲಿನಿಂದ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಚೀರುವಳು. ಹಿರಿಯೂರಿನಲ್ಲಿ ಕಿವಿ ಪರೀಕ್ಷೆ ಮಾಡಿಸಿದೆವು, ಕಿವಿ ಚೆನ್ನಾಗಿತ್ತು. ಅಲ್ಲಿನ ಡಾಕ್ಟರು, "ಆಟಿಸಂ ಇರಬಹುದು, ದುರ್ಗದಲ್ಲಿ ತೋರಿಸಿ. ಅವರು ಬರೆದುಕೊಟ್ಟರೆ ಥೆರಪಿ ಶುರು ಮಾಡಬಹುದು. ಬೇಗ ಶುರುವಾದಷ್ಟೂ ಒಳ್ಳೆಯದು" ಎಂದು ಚೀಟಿ ಕೊಟ್ಟರು.

ದುರ್ಗದ ಡಾಕ್ಟರು ಏನೇನು ಕೇಳುತ್ತಾರೆಂದು ಅತ್ತೆ ನನ್ನನ್ನು ಬಿಡದೆ ವಿಚಾರಿಸಿದರು. ನಾನು ಪೆದ್ದಿ, ಫೋನಿನಲ್ಲಿ ಹುಡುಕಿ ಒಂದೊಂದೇ ಪ್ರಶ್ನೆ ಓದಿ ಹೇಳಿದೆ. ಆಮೇಲೆ ಹದಿನೈದು ದಿನ ಅಜ್ಜಿ ಮೊಮ್ಮಗಳು ಇಬ್ಬರೂ ಕುರಿಹಟ್ಟಿಯ ಹಿಂದೆ ಮಾಯವಾಗುತ್ತಿದ್ದರು. ಕುರಿಮರಿ ಆಡಿಸುತ್ತಿದ್ದಾರೆ ಎಂದುಕೊಂಡೆ.

ನನ್ನ ಗಂಡ ಕನಕರಾಜ್‌ಗೆ ಪೆಟ್ರೋಲ್ ಬಂಕಿನಲ್ಲಿ ರಜೆ ಸಿಗಲಿಲ್ಲ. ಹೀಗಾಗಿ ಜವನಗೊಂಡನಹಳ್ಳಿಯಿಂದ ದುರ್ಗಕ್ಕೆ ನಾವು ಮೂವರೇ ಹೋದೆವು. ಡಾಕ್ಟರಮ್ಮ ಒಂದೊಂದಾಗಿ ಕೇಳಿದರು, ಅತ್ತೆ ನನ್ನ ಬಾಯಿಗೆ ಅವಕಾಶವನ್ನೇ ಕೊಡಲಿಲ್ಲ. ಬೇರೆ ಮಕ್ಕಳ ಜೊತೆ ಆಡ್ತಾಳಾ? ಆಡ್ತಾಳೆ. ಬೆರಳು ಮಾಡಿ ತೋರಿಸ್ತಾಳಾ? ತೋರಿಸ್ತಾಳೆ. ಬೇಕಾದ್ದಕ್ಕೆ ನಿಮ್ಮನ್ನ ಕರೀತಾಳಾ? "ಕರೀದೆ ಏನು ತಾಯಿ? ದಿನಾ ಬೆಳಗಾದ್ರೆ ಕರೀತಾಳೆ."

ಕೊನೆಗೆ ಡಾಕ್ಟರಮ್ಮ ಹಿಂದಿನಿಂದ, "ಅಂಜಲಿ" ಎಂದರು. ಎಲ್ಲೋ ಗೆಜ್ಜೆ ಸದ್ದಾದಂತಿತ್ತು. ಹೊರಗೆ ಎಷ್ಟೋ ಮಕ್ಕಳಿದ್ದರು. ಅಂಜಲಿ ಥಟ್ಟನೆ ತಿರುಗಿದಳು. ಮೂರು ಸಲ ಕರೆದರು, ಮೂರು ಸಲವೂ ತಿರುಗಿದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. "ಇಷ್ಟೆಲ್ಲ ಮಾಡ್ತಾಳೆ ಅಂದ್ರೆ ಈಗಲೇ ಏನೂ ಬರೆಯೋದು ಬೇಡ. ಆರು ತಿಂಗಳು ಬಿಟ್ಟು ಬನ್ನಿ" ಎಂದರು ಡಾಕ್ಟರಮ್ಮ. ಅತ್ತೆ ಹೇಳಿದ್ದೆಲ್ಲ ಸುಳ್ಳೆಂದು ನನಗೆ ಗೊತ್ತಿತ್ತು. ಸುಳ್ಳು ಹೇಳಿದ್ದು ಅವರು, ಸುಮ್ಮನಿದ್ದದ್ದು ನಾನು.

ವಾಪಸು ಬಸ್ಸಿನಲ್ಲಿ ಅತ್ತೆ ಸೀಟಿಗೆ ಕುಸಿದು ಕೂತರು. ಅವರ ಮಡಿಲಿನಿಂದ ಏನೋ ಕಿಣಿ ಎಂದಿತು. ಕಿಟಕಿಗೆ ಮೂಗು ಒತ್ತಿದ್ದ ಅಂಜಲಿ ಥಟ್ಟನೆ ತಿರುಗಿದಳು.

"ಅತ್ತೆ, ಏನದು? ತೆಗೀರಿ."

ತೆಗೆದರು. ನಮ್ಮ ಮಂದೆಯ ಮುದಿ ಟಗರಿನ ಕೊರಳ ಕಿರುಗಂಟೆ! ಅಂಜಲಿ ಆ ಟಗರಿನ ಕುತ್ತಿಗೆಗೆ ಕಿವಿ ಹಚ್ಚಿ ಗಂಟೆಗಟ್ಟಲೆ ಕೂರುತ್ತಿದ್ದಳು. ಹದಿನೈದು ದಿನ ಹಟ್ಟಿಯ ಹಿಂದೆ ನಡೆದದ್ದು ಪರೀಕ್ಷೆಯ ತಯಾರಿ: ಹೆಸರು ಕರೆಯುವುದು, ಗಂಟೆ ಅಲುಗಿಸುವುದು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಆರು ತಿಂಗಳು ಹಾಳು ಮಾಡಿದ್ರಲ್ಲ!"

"ನಮ್ ಜುಂಜನ ಕತೆ ಗೊತ್ತೈತಲ್ಲ ನಿಂಗೆ?" ಎಂದರು ಅತ್ತೆ. ಜುಂಜಣ್ಣ ಅವರ ತಮ್ಮ. ಮಾತು ಬಾರದೆ ಕುರಿಗಳ ಜೊತೆಗೇ ಬದುಕಿ, ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡವನು. "ಊರೋರೆಲ್ಲ ಸೇರಿ ಅವನಿಗೆ ಅರೆಹುಚ್ಚ ಅಂತ ಹೆಸ್ರಿಟ್ರು. ಸಾಯೋಗಂಟ ಅದೇ ಹೆಸ್ರು. ಈ ಕೂಸಿಗೆ ಡಾಕ್ಟ್ರೇ ಬರ್ದು ಕೊಟ್ಬಿಟ್ರೆ ಅದನ್ನ ಅಳ್ಸೋರು ಯಾರೇ?"

"ಅವರಿಗೆ ಬರೆದುಕೊಡೋರು ಇರ್ಲಿಲ್ಲ ಅತ್ತೆ. ಅದಕ್ಕೇ ಕಲಿಸೋರೂ ಇರ್ಲಿಲ್ಲ."

ಸಿಟ್ಟಿನಲ್ಲಿ ಅಂದುಬಿಟ್ಟೆ. ಬಸ್ಸು ಐಮಂಗಲ ದಾಟಿತು, ಹಿರಿಯೂರು ದಾಟಿತು. ಆದಿವಾಲದ ಹತ್ತಿರ ಬಂದಾಗ ಅತ್ತೆ ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೇಳಿದರು.

"ಒಂದ್ಸಲ ಅವನಿಗೆ ಹಲ್ಲು ನೋವು ಬಂದಿತ್ತು. ಹೇಳಾಕೆ ಬರದೆ ಗೋಡೆಗೆ ತಲೆ ಚಚ್ಚಿಕೊಂಡ. ಹುಚ್ಚು ಜಾಸ್ತಿ ಆತು ಅಂತ ಕಂಬಕ್ಕೆ ಕಟ್ಟಿದ್ರು. ಹಗ್ಗದ ಒಂದು ತುದಿ ನಾನೇ ಹಿಡ್ಕಂಡಿದ್ದೆ. ಕೆನ್ನೆ ಊದಿದ ಮೇಲೇ ನಮಗೆ ತಿಳಿದಿದ್ದು." ನನ್ನ ಕಡೆ ತಿರುಗಿ ಕೇಳಿದರು, "ನೋವು ಇಲ್ಲೈತೆ ಅಂತ ಕೈ ಮಾಡಿ ತೋರ್ಸೋದನ್ನ ಕಲಿಸಬಹುದಿತ್ತೇನೇ ಅವನಿಗೆ?"

"ಕಲಿಸಬಹುದಿತ್ತು ಅನ್ಸುತ್ತೆ ಅತ್ತೆ."

"ಹಂಗಾದ್ರೆ ನಾಳೇನೇ ಹೋಗಾಣ ದುರ್ಗಕ್ಕೆ."

ಮರುದಿನ ಡಾಕ್ಟರಮ್ಮನ ಮೇಜಿನ ಮೇಲೆ ಅತ್ತೆ ಗಂಟೆಯನ್ನಿಟ್ಟರು. "ನಾನು ಮೋಸ ಮಾಡಿದ್ದೆ ತಾಯಿ. ಕೂಸಿನ ಮೇಲೆ ಸಿಟ್ಟಾಗಬ್ಯಾಡ್ರಿ." ಡಾಕ್ಟರಮ್ಮ ಗಂಟೆಯನ್ನು ತಿರುಗಿಸಿ ನೋಡಿದರು. "ಇದು ಪಾಸು ಫೇಲಿನ ಪರೀಕ್ಷೆ ಅಲ್ಲಜ್ಜಿ. ಮಗುವಿಗೆ ಎಲ್ಲಿ ಸಹಾಯ ಬೇಕು ಅಂತ ಹುಡುಕೋದು ಅಷ್ಟೆ. ನೀವು ಮುಚ್ಚಿಟ್ಟರೆ ನಾನು ಎಲ್ಲಿ ಹುಡುಕಲಿ?"

ಈ ಸಲ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಡಾಕ್ಟರಮ್ಮ ಎರಡು ಗಂಟೆ ಹೊತ್ತು ಅಂಜಲಿಯನ್ನು ಆಡಿಸಿ, ನೋಡಿ, ಆಟಿಸಂ ಎಂದು ಬರೆದರು. ಇದು ಹುಚ್ಚಲ್ಲ, ಯಾರ ತಪ್ಪಿನಿಂದಲೂ ಬಂದದ್ದಲ್ಲ, ಅವಳ ಮಿದುಳು ಬೆಳೆದಿರುವ ಬಗೆಯೇ ಬೇರೆ ಎಂದರು. ಇದಕ್ಕೆ ಮಾತ್ರೆಯಿಲ್ಲ, ಆದರೆ ಅವಳ ದಾರಿಯಲ್ಲಿ ಕಲಿಸಿದರೆ ಕಲಿಯುತ್ತಾಳೆ ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಮಲ್ಲಕ್ಕ ಅಳಲಿಲ್ಲ, ಕಾಗದವನ್ನು ಮಡಿಚಿ, ಮೊದಲು ಗಂಟೆಯಿದ್ದ ಮಡಿಲಿನಲ್ಲೇ ಇಟ್ಟುಕೊಂಡರು.

ವಾರಕ್ಕೆ ಎರಡು ಸಲ ಹಿರಿಯೂರಿನಲ್ಲಿ ಥೆರಪಿ ಶುರುವಾಯಿತು. ಕಲಿಸುವವರು ಬೃಂದಾ ಮೇಡಂ. ಗಂಟೆಯ ಕತೆ ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. "ಅದನ್ನ ಬಿಸಾಕಬೇಡಿ, ಅಲ್ಲಿಂದಲೇ ಶುರು ಮಾಡೋಣ. ಮೊದಲು ಹೆಸರು ಒಂದೇ ಸಲ ಕರೀರಿ. ಕಾಯಿರಿ. ತಿರುಗದಿದ್ದರೆ ಗಂಟೆ. ತಿರುಗಿದರೆ ಅವಳಿಗೆ ಇಷ್ಟವಾದ್ದು ಕೊಡಿ. ಬರಬರುತ್ತಾ ಗಂಟೆ ಸಣ್ಣಗಾಗಲಿ. ಅವಸರ ಮಾತ್ರ ಬೇಡ."

ಕಾಯುವ ಪಾಠವನ್ನು ಅತ್ತೆ ಮನೆಮಂದಿಯ ಮೇಲೆಲ್ಲ ಹೇರಿದರು. ಮಾವ ಚಿತ್ರಲಿಂಗಪ್ಪನವರು ಅಪ್ಪಿತಪ್ಪಿ ಎರಡು ಸಲ ಕರೆದರೆ ಸಾಕು, "ಒಂದ್ಸಲ ಅಂದಿಲ್ವಾ? ಕಾಯ್ರಿ ಸುಮ್ನೆ!" ಎಂದು ಗದರುತ್ತಿದ್ದರು. ಐದು ತಿಂಗಳಲ್ಲಿ ಅಂಜಲಿ ಎಷ್ಟೋ ಸಲ ಬರೀ ಹೆಸರಿಗೇ ತಿರುಗತೊಡಗಿದಳು. ಗಂಟೆ ಗೋಡೆಯ ಮೊಳೆ ಸೇರಿತು.

ಹೋದ ಮಂಗಳವಾರ ಮಧ್ಯಾಹ್ನ ಅತ್ತೆ ಜಗುಲಿಯಲ್ಲಿ ಪಕ್ಕದ ಮನೆಯ ಯಲ್ಲಕ್ಕನ ಜೊತೆ ಅವರೆಕಾಯಿ ಬಿಡಿಸುತ್ತಾ ಹರಟುತ್ತಿದ್ದರು. ಒಳಗೆ ಗಂಟೆ ಸದ್ದಾಯಿತು. ಅಡುಗೆಮನೆಯಿಂದ ಇಣುಕಿದೆ. ಅಂಜಲಿ ಮೊಳೆಯಿಂದ ಗಂಟೆ ತೆಗೆದು, ನೀರಿನ ಕೊಡದ ಪಕ್ಕದಲ್ಲಿ ನಿಂತು, ಜಗುಲಿಯ ಕಡೆ ಅಜ್ಜಿಯನ್ನೇ ನೋಡುತ್ತಿದ್ದಳು. ಅತ್ತೆಗೆ ಮಾತಿನ ಭರ, ಕೇಳಿಸಲಿಲ್ಲ. ಅಂಜಲಿ ಸ್ವಲ್ಪ ಹೊತ್ತು ಕಾದಳು. ಮತ್ತೆ ಅಲುಗಿಸಿದಳು. ನನಗೆ ಕೂಗಬೇಕೆನಿಸಿತು, ಬಾಯಿಗೆ ಕೈ ಅಡ್ಡ ಹಿಡಿದು ನಾನೂ ಕಾದೆ. ಮೂರನೆಯ ಸಲಕ್ಕೆ ಅತ್ತೆ ತಿರುಗಿದರು.

ಅಂಜಲಿ ಅಂಗೈಯನ್ನು ಕೊಡದ ಮೇಲಿಟ್ಟು ತೋರಿಸಿದಳು.

ಅತ್ತೆ ಎದ್ದುಬಂದು ಲೋಟಕ್ಕೆ ನೀರು ಬಗ್ಗಿಸಿದರು. ಅವಸರಕ್ಕೆ ಅರ್ಧ ನೆಲಕ್ಕೆ ಹೋಯಿತು. ಮಗು ಗಟಗಟ ಕುಡಿಯಿತು.

"ಎಷ್ಟು ಸಲ ಕರೆದ್ಲು?" ಎಂದು ನನ್ನನ್ನು ಕೇಳಿದರು.

"ಮೂರು ಸಲ ಅತ್ತೆ."

"ಎರಡು ಸಲ ತಿರುಗಲಿಲ್ವಾ ನಾನು?"

"ಇಲ್ಲ."

ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ದುರ್ಗದಲ್ಲಿ ಬಾರದ ಅಳು ಈಗ ಬಂತು. "ನಮ್ ಜುಂಜ ಎಷ್ಟು ಸಲ ಕರೆದಿದ್ನೋ ಏನೋ ಕಣೇ" ಎಂದರು.

ಅಷ್ಟರಲ್ಲಿ ಕೊಡದ ಹತ್ತಿರ ಗಂಟೆ ಮತ್ತೆ ಸದ್ದಾಯಿತು. ಈ ಸಲ ಅತ್ತೆ ಕಣ್ಣು ಕೂಡ ಒರೆಸಿಕೊಳ್ಳದೆ, ಮೊದಲನೆಯದಕ್ಕೇ ಎದ್ದರು.