ಎಳೆ ಕಾಯುವ ಪೆಟ್ಟಿಗೆ

ಎಳೆ ಕಡಿದಾಗ ಮಗ್ಗ ನಿಲ್ಲಿಸಬೇಕು, ಪೆಟ್ಟಿಗೆಗೆ ಇದ್ದದ್ದು ಅದೊಂದೇ ಕೆಲಸ. ಅದು ಕಡಿದಾಗ ಓಡಿಸುತ್ತಿತ್ತು, ಸುಮ್ಮಸುಮ್ಮನೆ ನಿಲ್ಲಿಸುತ್ತಿತ್ತು. ವಾರದಲ್ಲಿ ಎರಡು ರೇಷ್ಮೆ ಸೀರೆ ಕೆಟ್ಟ ಮೇಲೆ ದೊಡ್ಡಬಳ್ಳಾಪುರದ ಮಗ್ಗದ ಯಜಮಾನ ವೆಂಕಟರಾಯಪ್ಪ ಸ್ಕ್ರೂಡ್ರೈವರ್ ಹಿಡಿದೇ ನಿಂತರು.

"ಐದು ಗಂಟೆವರೆಗೂ ನೋಡ್ತೀನಮ್ಮ. ಆಮೇಲೆ ನಿನ್ನ ಪೆಟ್ಟಿಗೆ ಬಿಚ್ಚಿ ಕೊಟ್ಬಿಡ್ತೀನಿ."

ಪೆಟ್ಟಿಗೆ ಹೋದರೆ ನರಸಮ್ಮನ ಕೆಲಸವೂ ಹೋದಂತೆಯೇ. ಇಪ್ಪತ್ತೆರಡು ವರ್ಷ ಮಗ್ಗ ನೋಡಿಕೊಂಡವಳು. ಗಂಟು ಹಾಕಲು ಈಗಲೂ ಬೆರಳೇ ಸಾಕು, ಆದರೆ ಎಳೆ ಕಡಿದದ್ದು ಮಂಜುಗಣ್ಣಿಗೆ ಕಾಣದು. ಅದನ್ನು ನನ್ನ ಪೆಟ್ಟಿಗೆ ನೋಡುತ್ತದೆ ಎಂದು ಅದನ್ನು ಮಾಡಿದ ಎಂಜಿನಿಯರ್ ಹುಡುಗಿ ಸಿಂಚನ ಮಾತು ಕೊಟ್ಟಿದ್ದಳು. ಬೆಳಗಿನಿಂದ ವೈರು, ಸೆನ್ಸರು ಎಲ್ಲವನ್ನೂ ಬೈದಾಗಿತ್ತು, ಪೆಟ್ಟಿಗೆ ನಡೆಸಲು ತಾನೇ ಬರೆದ ಕೋಡೊಂದನ್ನು ಬಿಟ್ಟು. ಹೆತ್ತವರಿಗೆ ಹೆಗ್ಗಣ ಮುದ್ದು.

"ಸಂಜೆ ಲೈಟ್ ಹಾಕಿ ಕೈ ಮುಗಿಯೋ ಹೊತ್ತಿಗೆ ಸರಿಯಾಗಿ ನಿಂತ್ಬಿಡ್ತದೆ ಕಣವ್ವ," ನರಸಮ್ಮ ನಕ್ಕಳು. "ನಿನ್ನ ಪೆಟ್ಟಿಗೆಗೆ ನನಗಿಂತ ಭಕ್ತಿ ಜಾಸ್ತಿ."

ಸಿಂಚನ ನಗದೆ ಕೋಡಿನತ್ತ ತಿರುಗಿದಳು. ದಿನವೂ ಲೈಟಿಗೇ ಏಕೆ? ಪೆಟ್ಟಿಗೆ ಓದುವುದು ಎಂಟು ಮನೆಗಳ ಒಂದು ಸಾಲು, ಒಂದೊಂದು ಮನೆಯಲ್ಲೂ ಒಂದೊಂದು ವೈರಿನ ಸುದ್ದಿ, ಸೊನ್ನೆ ಇಲ್ಲವೇ ಒಂದು. ಮೊದಲ ಮನೆ ಲೈಟ್ ಸ್ವಿಚ್ಚಿನದು, ನಾಲ್ಕನೆಯದು ಎಳೆಯದು. ಲೆಕ್ಕದಲ್ಲಿ ಕೂಡುವ ಮೊದಲು ಗುಣಿಸುವ ಹಾಗೆ ಕೋಡಿನಲ್ಲೂ ಯಾರು ಮೊದಲೆಂಬ ಸರದಿ ಉಂಟು. ನಾಲ್ಕನೇ ಮನೆಯನ್ನು ಆರಿಸಿ, ಆಮೇಲೆ ಸೊನ್ನೆಯೊಂದಿಗೆ ಹೋಲಿಸು ಎಂಬುದು ಅವಳ ಮನಸ್ಸಿನಲ್ಲಿತ್ತು. ಚಿಪ್ ಆರಿಸುವ ಮೊದಲೇ ಆ ಮನೆಯ ಗುರುತಿನ ಸಂಖ್ಯೆಯನ್ನೇ ಸೊನ್ನೆಯೊಂದಿಗೆ ಹೋಲಿಸಿಬಿಟ್ಟಿತ್ತು. ಅದು ಸೊನ್ನೆಯಲ್ಲ, ಹಾಗಾಗಿ ಬಂದ ಉತ್ತರ 'ಹೌದು', ಅಂದರೆ ಒಂದು. ಆ ಒಂದನ್ನೇ ನಂಬಿಕೊಂಡು ಪುಣ್ಯಾತ್ಮ ಪೆಟ್ಟಿಗೆ ವಾರವಿಡೀ ಎಳೆಯನ್ನು ಬಿಟ್ಟು ಮೊದಲ ಮನೆಯ ಲೈಟಿಗೆ ಕಾವಲು ಕೂತಿತ್ತು.

"ಸಿಕ್ತು ನರಸಮ್ಮ, ಸಿಕ್ತು!"

ಆರಿಸುವುದೇ ಮೊದಲು ಎನ್ನಲು ಬೇಕಿದ್ದದ್ದು ಒಂದು ಜೊತೆ ಆವರಣ ಚಿಹ್ನೆ, ಅಷ್ಟೇ. ಅದನ್ನು ಹಾಕಿ, ಕೋಡನ್ನು ಪೆಟ್ಟಿಗೆಗೆ ತುಂಬಿದಳು. ಐದಕ್ಕೆ ಇನ್ನು ನಾಲ್ಕೇ ನಿಮಿಷ. ಮಗ್ಗ ಓಡತೊಡಗಿತು.

"ಒಂದು ಎಳೆ ಕತ್ತರಿಸಿ, ನರಸಮ್ಮ."

ಓಡುವ ಮಗ್ಗಕ್ಕೆ ಜನ್ಮದಲ್ಲಿ ಕತ್ತರಿ ಹಾಕಿದವಳಲ್ಲ ನರಸಮ್ಮ. ಕಣ್ಣು ಮುಚ್ಚಿಕೊಂಡು ಹಾಕಿದಳು. ಮಗ್ಗ ಗಕ್ಕನೆ ನಿಂತಿತು.

ವೆಂಕಟರಾಯಪ್ಪ ನಂಬಲಿಲ್ಲ. ಗಂಟು ಹಾಕಿಸಿ ತಾವೇ ಕತ್ತರಿಸಿದರು. ನಿಂತಿತು. ಮತ್ತೊಮ್ಮೆ ಕತ್ತರಿಸಿದರು, ಮತ್ತೆ ನಿಂತಿತು. ಈಗ ಅವರಿಗೆ ಖುಷಿ ಹತ್ತಿತು. ಮೂರನೇ ಸಲ ಕತ್ತರಿ ಎತ್ತಿದಾಗ ನರಸಮ್ಮ ಕಿತ್ತುಕೊಂಡಳು.

"ಗಂಟು ಹಾಕೋಳು ನಾನು ಕಣಣ್ಣ."

"ಆಯ್ತು ಬಿಡು, ಪೆಟ್ಟಿಗೆ ಇರ್ಲಿ," ಎಂದರು ಅವರು. "ನೀನೂ ಇರು."

ಮಗ್ಗ ಮತ್ತೆ ಓಡಿತು. ನರಸಮ್ಮ ಟೀ ಲೋಟ ಹಿಡಿದು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಓಡುವ ಮಗ್ಗಕ್ಕೆ ಬೆನ್ನು ಹಾಕಿ ಕೂತಳು.